ಸಂಕಟಕಾಲದ ಸಹಾಯಧನ: ಹೊಲದಿಂದ ಬ್ಯಾಂಕ್ ಖಾತೆಯವರೆಗೆ



2020ರ ಮಾರ್ಚ್ 25 ಯುಗಾದಿಯ ದಿನ. ಕೊರೋನಾ ಸೋಂಕನ್ನು ತಡೆಯುವ ಸಲುವಾಗಿ ಇಡೀ ದೇಶದಲ್ಲಿ ಲಾಕ್‌ಡೌನ್ ಆರಂಭವಾದದ್ದೂ ಅದೇ ದಿನ. ಹಬ್ಬಕ್ಕೆಂದು ಬೆಳೆದ ಹೂವು ಗಿಡದಲ್ಲಿಯೇ ಉಳಿಯಿತು. ಮುಂದಿನ ಎರಡು ತಿಂಗಳ ಮದುವೆಗಳು ನಿಂತವು, ಜಾತ್ರೆಗಳು ನಿಂತವು, ಸಂತೆಗಳು ನಿಂತವು. ಆಗ ನಿಮ್ಮಲ್ಲಿ ಹಲವರು ಚಿಕ್ಕ ತರಗತಿಯಲ್ಲಿ ಇದ್ದಿರಬೇಕು. ಶಾಲೆ ಮುಚ್ಚಿದ್ದು ನಿಮಗೆ ನೆನಪಿದೆ. ಆದರೆ ಅದೇ ದಿನಗಳಲ್ಲಿ ನಿಮ್ಮ ಮನೆಯ ಹೊಲಕ್ಕೆ ಏನಾಯಿತು, ಸರ್ಕಾರ ಕೊಟ್ಟ ನೆರವಿನ ಹಣ ಯಾವ ಲೆಕ್ಕದಲ್ಲಿ ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದನ್ನು ನೀವು ವಿಚಾರಿಸಿದ್ದೀರಾ? ಈ ಭಾಷಣದಲ್ಲಿ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಮೊದಲು ಈ ಸೀಮೆಯನ್ನು ಸ್ವಲ್ಪ ನೋಡಿ. ಬೆಳಗಾವಿ ಜಿಲ್ಲೆಯ ಈ ಮೂರೂ ತಾಲ್ಲೂಕುಗಳ ಜೀವನಾಡಿ ಘಟಪ್ರಭಾ ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅದಕ್ಕೆ ಜಲಾಶಯವಿದೆ. ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿದೆ. ಅಲ್ಲಿಂದ ಹೊರಟ ಕಾಲುವೆಯ ನೀರು ಕೆಳಗಿನ ಊರುಗಳ ಕಪ್ಪು ನೆಲವನ್ನು ತಣಿಸುತ್ತದೆ. ಮೂಡಲಗಿ ಕೆಲವೇ ವರ್ಷಗಳ ಹಿಂದೆ ಗೋಕಾಕದಿಂದ ಬೇರೆಯಾದ ಹೊಸ ತಾಲ್ಲೂಕು. ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವೇ ಇದೆ. ನೀರು ಇರುವಲ್ಲಿ ಕಬ್ಬು, ಅರಿಷಿಣ. ಉಳಿದ ಕಡೆ ಗೋವಿನಜೋಳ. ಭಾವಿಯೋ ಬೋರವೆಲ್ಲೋ ಇರುವವರಲ್ಲಿ ಕಾಯಿಪಲ್ಲೆ, ಮೆಣಸಿನಕಾಯಿ, ಹೂವು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಅಲ್ಲಿಂದ ಮಹಾರಾಷ್ಟ್ರದ ಗಡಿ ಹತ್ತಿರ. ಬೆಳಗಾವಿಯ ಮಾರುಕಟ್ಟೆಯಿಂದ ಗೋವಾಕ್ಕೆ ದಿನವೂ ತರಕಾರಿ ಹೋಗುತ್ತದೆ. ಅಂದರೆ ಇಲ್ಲಿನ ರೈತನ ಬೆಳೆ ಒಂದು ರಾಜ್ಯದಲ್ಲಿ, ಗಿರಾಕಿ ಮತ್ತೊಂದು ರಾಜ್ಯದಲ್ಲಿ. ಗಡಿಯಲ್ಲಿ ವಾಹನ ನಿಂತರೆ ಇಲ್ಲಿ ಕೋಸುಗಡ್ಡೆ ಕೊಳೆಯುತ್ತದೆ.

ಇನ್ನೊಂದು ಮಾತನ್ನೂ ಗಮನಿಸಬೇಕು. ಈ ಸೀಮೆಗೆ ಸಂಕಟ ಒಂಟಿಯಾಗಿ ಬರಲಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತ್ತು. 2021ರ ಜುಲೈನಲ್ಲಿ ಮತ್ತೆ ಮಹಾಪೂರ ಬಂತು. ಈ ಎರಡು ಮಹಾಪೂರಗಳ ನಡುವೆ ಕೊರೋನಾದ ಎರಡು ಅಲೆಗಳು. ಒಂದು ಗಾಯ ಮಾಯುವ ಮೊದಲೇ ಇನ್ನೊಂದು ಪೆಟ್ಟು.

ರೋಗ ಬಂದದ್ದು ಮನುಷ್ಯರಿಗೆ. ಬೆಳೆಗೆ ಹೇಗೆ ನಷ್ಟವಾಯಿತು? ಇದಕ್ಕೆ ಗೋವಿನಜೋಳದ ಉದಾಹರಣೆ ಬಹಳ ಒಳ್ಳೆಯದು. 2020ರ ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಕೋಳಿಮಾಂಸ ತಿಂದರೆ ಕೊರೋನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿತು. ಜನ ಕೋಳಿ ತಿನ್ನುವುದನ್ನು ಬಿಟ್ಟರು. ಕೋಳಿ ಸಾಕಣೆಯವರು ಕೈಚೆಲ್ಲಿದರು. ಕೋಳಿಯ ಮುಖ್ಯ ಆಹಾರ ಗೋವಿನಜೋಳ. ಕೋಳಿಗೆ ಬೇಡಿಕೆ ಬಿದ್ದಾಗ ಜೋಳದ ಧಾರಣೆಯೂ ಬಿತ್ತು. 2019–20ಕ್ಕೆ ಕೇಂದ್ರ ಸರ್ಕಾರ ಸಾರಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ. ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ಎಲ್ಲೋ ಹುಟ್ಟಿದ ಒಂದು ಗಾಳಿಸುದ್ದಿ ಮೂಡಲಗಿಯ ರೈತನ ಕಣದಲ್ಲಿದ್ದ ರಾಶಿಯ ಬೆಲೆಯನ್ನು ಕಡಿಮೆ ಮಾಡಿತು. ಅರ್ಥಶಾಸ್ತ್ರದ ಪುಸ್ತಕದಲ್ಲಿ ನೀವು ಓದುವ 'ಬೇಡಿಕೆ' ಎಂಬ ಪಾಠದ ಜೀವಂತ ರೂಪ ಇದು.

ಹೂವು, ತರಕಾರಿಗಳ ಕಷ್ಟ ಬೇರೆ ಬಗೆಯದು. ಜೋಳವನ್ನು ಚೀಲದಲ್ಲಿ ತುಂಬಿ ಕೆಲವು ತಿಂಗಳು ಇಡಬಹುದು. ಚೆಂಡು ಹೂವನ್ನು ಇಡಲಾಗದು, ಟೊಮ್ಯಾಟೊವನ್ನು ಇಡಲಾಗದು. ಕೀಳದಿದ್ದರೆ ಗಿಡದಲ್ಲಿ ಹಾಳು, ಕಿತ್ತರೆ ಆಳಿನ ಕೂಲಿಯೂ ಹಾಳು. ಆದ್ದರಿಂದಲೇ ಎಷ್ಟೋ ಕಡೆ ರೈತರು ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಹರಿಸಿದರು. ಕಬ್ಬಿನ ಮಾತು ಹಾಗಲ್ಲ. ಬೇಸಿಗೆಯ ಹೊತ್ತಿಗೆ ನುರಿಸುವ ಹಂಗಾಮು ಬಹುಪಾಲು ಮುಗಿದಿರುತ್ತದೆ. ಹಾಗಾಗಿ ಮುಂದೆ ಬಂದ ಬೆಳೆ ಪರಿಹಾರದ ಪಟ್ಟಿಯಲ್ಲಿ ಕಬ್ಬು ಇರಲಿಲ್ಲ.

ಈಗ ಸರ್ಕಾರಗಳು ಕೊಟ್ಟದ್ದೇನು, ನೋಡೋಣ. ಇಲ್ಲಿ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಿ. ಒಂದು, ನಷ್ಟಕ್ಕೆ ಪ್ರತಿಯಾಗಿ ಕೊಡುವ ಪರಿಹಾರ. ಎರಡು, ನಷ್ಟವಿರಲಿ ಇಲ್ಲದಿರಲಿ, ರೈತನೆಂಬ ಕಾರಣಕ್ಕೆ ಕೊಡುವ ಸಹಾಯಧನ. ಮೂರು, ಸಾಲ ಅಥವಾ ಸಾಲದ ಕಂತಿಗೆ ಕೊಡುವ ಕಾಲಾವಕಾಶ. ಪತ್ರಿಕೆಯ ತಲೆಬರಹದಲ್ಲಿ ಈ ಮೂರನ್ನೂ ಕೂಡಿಸಿ 'ಪ್ಯಾಕೇಜ್' ಎಂದು ಬರೆಯುತ್ತಾರೆ. 2020ರ ಮೇ 12ರಂದು ಪ್ರಧಾನ ಮಂತ್ರಿಗಳು ಸಾರಿದ 20 ಲಕ್ಷ ಕೋಟಿ ರೂಪಾಯಿಗಳ ಆತ್ಮನಿರ್ಭರ ಭಾರತ ಯೋಜನೆಯಲ್ಲಿ ದೊಡ್ಡ ಪಾಲು ಸಾಲ ಮತ್ತು ಸಾಲದ ಭರವಸೆಯ ರೂಪದ್ದು. ಸಾಲ ತೀರಿಸಬೇಕಾದ ಹಣ. ಪರಿಹಾರ ತೀರಿಸಬೇಕಾಗಿಲ್ಲದ ಹಣ. ಯಾವುದೇ ಪ್ಯಾಕೇಜಿನ ಮೊತ್ತ ಕೇಳಿದಾಗ ಈ ಭೇದವನ್ನು ಮೊದಲು ಕೇಳಿ.

ಕೇಂದ್ರ ಸರ್ಕಾರ 2020ರ ಮಾರ್ಚ್ 26ರಂದು ಸಾರಿದ 1.70 ಲಕ್ಷ ಕೋಟಿ ರೂಪಾಯಿಗಳ ಗರೀಬ್ ಕಲ್ಯಾಣ ಯೋಜನೆಯಲ್ಲಿ ರೈತರಿಗೆ 2,000 ರೂಪಾಯಿ ಇತ್ತು. ಇದು ಹೊಸ ಹಣವಲ್ಲ. ಕಿಸಾನ್ ಸಮ್ಮಾನ್ ಯೋಜನೆಯಡಿ ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿಯ ಒಂದು ಕಂತನ್ನು ಏಪ್ರಿಲ್ ಮೊದಲಿಗೇ ಕೊಟ್ಟದ್ದು. ಆದರೆ ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಬೇಗ ಬಂದ ಹಣಕ್ಕೆ ಬೆಲೆ ಹೆಚ್ಚು ಎಂಬುದನ್ನೂ ಒಪ್ಪಬೇಕು. ಜನಧನ ಖಾತೆಯಿದ್ದ ಮಹಿಳೆಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಬಂತು. ರಾಜ್ಯದಲ್ಲಿ ಆಗ ಜಾರಿಯಲ್ಲಿದ್ದ ಉದ್ಯೋಗ ಖಾತ್ರಿಯ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತು.

ರಾಜ್ಯ ಸರ್ಕಾರದ ಪಾಲಿಗೆ ಬನ್ನಿ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಸಾರಿದರು. ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ. ಅದೇ ತಿಂಗಳಲ್ಲಿ ಆಯ್ದ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿ, ಗೋವಿನಜೋಳ ಬೆಳೆದ ಸುಮಾರು 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಸಾರಲಾಯಿತು. ಎರಡನೆಯ ಅಲೆಯಲ್ಲಿ, 2021ರ ಮೇ 19ರಂದು, 1,250 ಕೋಟಿ ರೂಪಾಯಿಗಳ ಪ್ಯಾಕೇಜ್ ಬಂತು. ಈ ಸಲ ಹೂವಿಗೂ ಹಣ್ಣು ತರಕಾರಿಗೂ ಹೆಕ್ಟೇರಿಗೆ 10,000 ರೂಪಾಯಿ.

ಈಗ ನೋಟುಪುಸ್ತಕ ತೆಗೆಯಿರಿ, ಸ್ವಲ್ಪ ಲೆಕ್ಕ ಮಾಡೋಣ. ಸರ್ಕಾರದ ಅಂದಾಜಿನಂತೆ 2020ರಲ್ಲಿ ರಾಜ್ಯದಲ್ಲಿ ಹೂ ಬೆಳೆ ಇದ್ದದ್ದು 11,687 ಹೆಕ್ಟೇರ್. ಇದನ್ನು 25,000ದಿಂದ ಗುಣಿಸಿ. ಸುಮಾರು 29 ಕೋಟಿ 22 ಲಕ್ಷ ರೂಪಾಯಿ. 1,610 ಕೋಟಿಯಲ್ಲಿ ಇದು ನೂರಕ್ಕೆ ಎರಡಕ್ಕಿಂತ ಕಡಿಮೆ. ಗೋವಿನಜೋಳಕ್ಕೆ 10 ಲಕ್ಷವನ್ನು 5,000ದಿಂದ ಗುಣಿಸಿ. 500 ಕೋಟಿ. ಸುದ್ದಿಯಲ್ಲಿ ಹೂವಿನ ಚಿತ್ರ ಹೆಚ್ಚು ಕಂಡಿತು. ಹಣ ಹೆಚ್ಚು ಬೇಕಾದದ್ದು ಜೋಳಕ್ಕೆ.

ಇನ್ನು ಒಂದು ಮನೆಯ ಲೆಕ್ಕ. ಒಂದು ಎಕರೆಗೆ 40 ಗುಂಟೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ, ಅಂದರೆ 99 ಗುಂಟೆಯಷ್ಟು. ಒಬ್ಬ ರೈತ 20 ಗುಂಟೆಯಲ್ಲಿ ಚೆಂಡು ಹೂ ಬೆಳೆದಿದ್ದಾನೆ ಎಂದುಕೊಳ್ಳಿ. 2020ರ ದರದಲ್ಲಿ ಅವನಿಗೆ ಸುಮಾರು 5,050 ರೂಪಾಯಿ. 2021ರ ದರದಲ್ಲಿ ಸುಮಾರು 2,020 ರೂಪಾಯಿ. ಅವನ ಪಕ್ಕದವ ಐದು ಎಕರೆಯಲ್ಲಿ ಹೂ ಬೆಳೆದರೂ ಒಂದು ಹೆಕ್ಟೇರಿನ ಮಿತಿಯಿಂದಾಗಿ 2020ರಲ್ಲಿ 25,000ಕ್ಕೆ ನಿಲ್ಲುತ್ತಾನೆ. ಗೋವಿನಜೋಳದಲ್ಲಿಯಾದರೆ ಅರ್ಧ ಎಕರೆಯವನಿಗೂ 5,000, ಐದು ಎಕರೆಯವನಿಗೂ 5,000.

ಇಲ್ಲಿ ಎರಡು ಅಳತೆಗೋಲುಗಳಿವೆ. ತಲೆಗಿಷ್ಟು ಎಂದು ಕೊಟ್ಟರೆ ಸಣ್ಣವನಿಗೆ ಅನುಕೂಲ, ಆದರೆ ನಷ್ಟದ ಪ್ರಮಾಣಕ್ಕೂ ಹಣಕ್ಕೂ ಸಂಬಂಧ ಇರುವುದಿಲ್ಲ. ಎಕರೆಗೆ 20 ಕ್ವಿಂಟಲ್ ಜೋಳ ಬಂದು, ಕ್ವಿಂಟಲಿಗೆ 400 ರೂಪಾಯಿ ಕಡಿಮೆ ಸಿಕ್ಕಿತು ಎಂದಿಟ್ಟುಕೊಂಡರೆ ಒಂದೇ ಎಕರೆಯಲ್ಲಿ 8,000 ರೂಪಾಯಿ ನಷ್ಟ. 5,000 ಅದನ್ನು ತುಂಬದು. ಕ್ಷೇತ್ರಕ್ಕಿಷ್ಟು ಎಂದು ಕೊಟ್ಟರೆ ನಷ್ಟಕ್ಕೆ ಹತ್ತಿರವಾಗುತ್ತದೆ, ಆದರೆ ದೊಡ್ಡವನಿಗೆ ದೊಡ್ಡ ಪಾಲು ಹೋಗುತ್ತದೆ. ಅದಕ್ಕಾಗಿಯೇ ಒಂದು ಹೆಕ್ಟೇರ್ ಎಂಬ ಮಿತಿ. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್ ಮಾತ್ರ. ಆದ್ದರಿಂದ ಈ ಮಿತಿ ಸಾಮಾನ್ಯ ರೈತನಿಗೆ ಹೆಚ್ಚು ತೊಡಕಾಗುವಂಥದ್ದಲ್ಲ.

ಬೇರೆ ದೇಶದಲ್ಲಿ ಹೇಗಿತ್ತು? ಅಮೆರಿಕವೂ 2020ರ ಏಪ್ರಿಲ್‌ನಲ್ಲಿ ತನ್ನ ರೈತರಿಗೆ ಕೊರೋನಾ ಆಹಾರ ನೆರವು ಯೋಜನೆಯನ್ನು ಸಾರಿತು. ನೇರವಾಗಿ ರೈತರಿಗೆ ಕೊಡಲೆಂದು ಇಟ್ಟ ಹಣ 1,600 ಕೋಟಿ ಡಾಲರ್. ಅಲ್ಲಿ ಒಬ್ಬ ರೈತನಿಗೆ ಮಿತಿ 2,50,000 ಡಾಲರ್. ಎಷ್ಟು ದನ, ಎಷ್ಟು ಧಾನ್ಯ ಎಂಬುದರ ಮೇಲೆ ಹಣ. ಹೆಚ್ಚು ಬೆಳೆದವನಿಗೆ ಹೆಚ್ಚು. ಹೀಗಾಗಿ ದೊಡ್ಡ ಒಕ್ಕಲುತನದವರಿಗೇ ಹೆಚ್ಚು ಹೋಯಿತೆಂಬ ಟೀಕೆ ಅಲ್ಲಿ ಕೇಳಿಬಂತು. ನಮ್ಮಲ್ಲಿ ಮೊತ್ತ ಸಣ್ಣದು, ಮಿತಿ ಬಿಗಿ. ಅಲ್ಲಿ ಮೊತ್ತ ದೊಡ್ಡದು, ಮಿತಿ ಸಡಿಲ. ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ನೆರವು ಕೊಡಬೇಕಾದದ್ದು ನಷ್ಟಕ್ಕೋ, ಕಷ್ಟಕ್ಕೋ? ಎರಡೂ ಒಂದೇ ಅಲ್ಲ. ಐದು ಎಕರೆಯವನ ನಷ್ಟ ದೊಡ್ಡದು. ಇಪ್ಪತ್ತು ಗುಂಟೆಯವನ ಕಷ್ಟ ದೊಡ್ಡದಿರಬಹುದು.

ಹಣ ಸಾರಿದ್ದಾಯಿತು. ಅದು ಬೆಂಗಳೂರಿನಿಂದ ಹುಕ್ಕೇರಿಯ ಒಂದು ಹಳ್ಳಿಯ ಖಾತೆಗೆ ಬಂದು ಬೀಳುವುದು ಹೇಗೆ? ಹಿಂದಿನ ಕಾಲದಲ್ಲಿ ತಲಾಟಿ ಹೊಲಕ್ಕೆ ಬಂದು ಬರೆದುಕೊಂಡು ಹೋಗುತ್ತಿದ್ದ. ಈಗ ಮೂರು ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕು. ಮೊದಲನೆಯದು ಪಹಣಿ. ನಮ್ಮ ಕಡೆ ಅದಕ್ಕೆ ಉತಾರ ಎನ್ನುತ್ತಾರೆ. ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಎರಡನೆಯದು ಬೆಳೆ ಸಮೀಕ್ಷೆ. ಊರಿನ ಯುವಕರೇ ಮೊಬೈಲ್ ಹಿಡಿದು ಹೊಲಹೊಲಕ್ಕೆ ಹೋಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಚಿತ್ರದ ಸಮೇತ ದಾಖಲಿಸುವ ಕೆಲಸ ಅದು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯನ್ನು ದಾಖಲಿಸುವ ಆ್ಯಪ್ ಬಂತು. ಮೂರನೆಯದು 'ಫ್ರೂಟ್ಸ್' ಎಂಬ ರೈತ ನೋಂದಣಿ ತಂತ್ರಾಂಶ. ಅದರಲ್ಲಿ ರೈತನಿಗೆ ಒಂದು ಗುರುತಿನ ಸಂಖ್ಯೆ. ಅದಕ್ಕೆ ಅವನ ಆಧಾರ್, ಜಮೀನು, ಬ್ಯಾಂಕ್ ಖಾತೆಗಳ ಜೋಡಣೆ. ಈ ಮೂರೂ ಕೂಡಿದರೆ ಮಧ್ಯವರ್ತಿಯಿಲ್ಲದೆ ಹಣ ನೇರವಾಗಿ ಖಾತೆಗೆ ಬರುತ್ತದೆ. ಇದು ಸಣ್ಣ ಸಾಧನೆಯಲ್ಲ. ಲಾಕ್‌ಡೌನಿನಲ್ಲಿ ಯಾರೂ ಕಚೇರಿ ಅಲೆಯಲಾರದ ದಿನಗಳಲ್ಲಿ ಲಕ್ಷಗಟ್ಟಲೆ ಜನರಿಗೆ ಹಣ ತಲುಪಲು ಸಾಧ್ಯವಾದದ್ದು ಇದರಿಂದಲೇ.

ಆದರೆ ಸರಪಳಿಯ ಒಂದು ಕೊಂಡಿ ಬಿಟ್ಟರೂ ಹಣ ನಿಲ್ಲುತ್ತದೆ. ಉತಾರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಬಗೆಯ ಹೆಸರು ಇದ್ದರೆ ತಾಳೆಯಾಗದು. ಬ್ಯಾಂಕುಗಳು ಒಂದರಲ್ಲೊಂದು ವಿಲೀನವಾದಾಗಲೂ ತೊಡಕು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು, ಅಂದರೆ ಲಾಕ್‌ಡೌನಿನ ಎರಡನೆಯ ವಾರದಲ್ಲಿ. ಸಮೀಕ್ಷೆಯಲ್ಲಿ ಬೆಳೆಯನ್ನು ತಪ್ಪಾಗಿ ಬರೆದಿದ್ದರಂತೂ ಹೊಲದಲ್ಲಿ ಏನೇ ಇದ್ದರೂ ಕಂಪ್ಯೂಟರಿನಲ್ಲಿ ಅದು ಇಲ್ಲ. ಹಳ್ಳಿಯ ಜನ 'ಹೊಲದಾಗ ಐತಿ, ಕಾಗದದಾಗ ಇಲ್ಲ' ಎನ್ನುವುದು ಇದಕ್ಕೇ.

ಈಗ ನಾನು ನಿಮ್ಮ ಗಮನವನ್ನು ಹೆಚ್ಚಾಗಿ ಬೇಡುವ ಭಾಗಕ್ಕೆ ಬರುತ್ತೇನೆ. ಎಲ್ಲ ನಿಯಮ ಸರಿಯಾಗಿ ಪಾಲಿಸಿದರೂ ಯಾರು ಹೊರಗೆ ಉಳಿಯುತ್ತಾರೆ?

ಮೊದಲನೆಯವರು ಲಾವಣಿ ಹಿಡಿದವರು, ಪಾಲಿಗೆ ಮಾಡುವವರು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಉಳುವವನೇ ಒಡೆಯನಾಗಬೇಕೆಂಬ ದೊಡ್ಡ ಆಶಯದ ಕಾನೂನು ಅದು. ಲಕ್ಷಾಂತರ ಗೇಣಿದಾರರು ಅದರಿಂದ ಭೂಮಿ ಕಂಡರು. ಆದರೆ ಈಗಲೂ ಹಳ್ಳಿಗಳಲ್ಲಿ ಬಾಯಿಮಾತಿನ ಲಾವಣಿ ನಡೆದೇ ಇದೆ. ಕಾನೂನಿನಲ್ಲಿ ಇಲ್ಲದ ವ್ಯವಹಾರವನ್ನು ಕಾಗದದ ಮೇಲೆ ಬರೆಯಲು ಒಡೆಯ ಒಪ್ಪುವುದಿಲ್ಲ. ಬೀಜ ಹಾಕಿದವ, ಗೊಬ್ಬರ ತಂದವ, ಕೋಸುಗಡ್ಡೆ ಕೊಳೆತಾಗ ಸೋತವ ಲಾವಣಿದಾರ. ಪರಿಹಾರ ಬೀಳುವುದು ಉತಾರದಲ್ಲಿ ಹೆಸರಿರುವವನ ಖಾತೆಗೆ. ಒಡೆಯ ಒಳ್ಳೆಯವನಾದರೆ ಕರೆದು ಕೊಟ್ಟಾನು. ಆದರೆ ಹಕ್ಕು ಎಂಬುದು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲುವ ವಸ್ತುವಲ್ಲ.

ಎರಡನೆಯವರು, ಅಜ್ಜನ ಹೆಸರಿನಲ್ಲಿಯೇ ಉಳಿದ ಜಮೀನಿನ ಮೊಮ್ಮಕ್ಕಳು. ಅಜ್ಜ ತೀರಿಕೊಂಡು ಹತ್ತಾರು ವರ್ಷವಾದರೂ ವಾರಸಾ ಮಾಡಿಸಿರುವುದಿಲ್ಲ. ತೀರಿಹೋದವರಿಗೆ ಆಧಾರ್ ಇಲ್ಲ, ಖಾತೆ ಇಲ್ಲ. ಹಣ ಬರುವ ದಾರಿಯೂ ಇಲ್ಲ. ಮೂರನೆಯವರು ಹೆಣ್ಣುಮಕ್ಕಳು. ಕಳೆ ತೆಗೆಯುವುದು, ಹೂ ಬಿಡಿಸುವುದು, ಸಂತೆಯಲ್ಲಿ ಕುಳಿತು ಮಾರುವುದು ಅವರ ಕೆಲಸ. ಉತಾರದಲ್ಲಿ ಹೆಸರು ಗಂಡಸಿನದು. ನಾಲ್ಕನೆಯವರು ಕೃಷಿ ಕೂಲಿಕಾರರು. ಹೂ ಕೀಳುವ ಕೆಲಸ ನಿಂತಾಗ ರೈತನಿಗಿಂತ ಮೊದಲು ಕೈ ಬರಿದಾದದ್ದು ಅವರದು. ಬೆಳೆ ಪರಿಹಾರದಲ್ಲಿ ಅವರ ಮಾತೇ ಇರಲಿಲ್ಲ. ಅವರಿಗೆ ಮುಖ್ಯವಾಗಿ ಇದ್ದದ್ದು ಪಡಿತರದ ಅಕ್ಕಿ, ಉದ್ಯೋಗ ಖಾತ್ರಿ.

ಇದಕ್ಕೆ ಯಾರನ್ನು ದೂರಬೇಕು ಎಂದು ನೀವು ಕೇಳಬಹುದು. ಒಬ್ಬರನ್ನು ಬೊಟ್ಟು ಮಾಡಿ ತೋರಿಸಿ ಮುಗಿಸುವಷ್ಟು ಸರಳವಾದ ವಿಷಯ ಇದಲ್ಲ. ಸಂಕಟಕಾಲದಲ್ಲಿ ಸರ್ಕಾರದ ಕೈಗೆ ಸಿಗುವುದು ಮೊದಲೇ ಸಿದ್ಧವಾಗಿರುವ ಪಟ್ಟಿ. ಶಾಂತಿಕಾಲದಲ್ಲಿ ಪಟ್ಟಿಯಲ್ಲಿ ಇಲ್ಲದವನು ಸಂಕಟಕಾಲದಲ್ಲಿ ಏಕಾಏಕಿ ಅದರೊಳಗೆ ಬರಲಾರ. ಆದ್ದರಿಂದ ಪಟ್ಟಿಯನ್ನು ಸರಿಪಡಿಸುವ ಕೆಲಸ ನೆರೆ ಇಲ್ಲದ, ರೋಗ ಇಲ್ಲದ ದಿನಗಳಲ್ಲಿ ಆಗಬೇಕು.

ಇಲ್ಲಿಯೇ ನಿಮ್ಮಂಥವರ ಕೆಲಸವಿದೆ. ನಿಮ್ಮ ಮನೆಯಲ್ಲಿ ಅಕ್ಷರ, ಮೊಬೈಲು ಎರಡನ್ನೂ ಚೆನ್ನಾಗಿ ಬಲ್ಲವರು ಬಹುಶಃ ನೀವೇ. ಈ ರಜೆಯಲ್ಲಿ ನಿಮ್ಮ ಹೊಲದ ಉತಾರ ತೆಗೆಸಿ ಓದಿ. ಹೆಸರು, ಕ್ಷೇತ್ರ, ಬೆಳೆ ಸರಿಯಾಗಿವೆಯೇ ನೋಡಿ. ವಾರಸಾ ಆಗಿರದಿದ್ದರೆ ಅಪ್ಪನನ್ನೋ ಕಾಕಾನನ್ನೋ ಕೂಡಿಸಿಕೊಂಡು ನಾಡಕಚೇರಿಗೆ ಹೋಗಿ. ಅವ್ವನ ಹೆಸರು ಉತಾರದಲ್ಲಿ ಏಕಿಲ್ಲ ಎಂದು ಮನೆಯಲ್ಲಿ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿಯ ಸಂಖ್ಯೆ ಇದೆಯೇ ವಿಚಾರಿಸಿ. ಬೆಳೆ ಸಮೀಕ್ಷೆಯ ದಿನಗಳಲ್ಲಿ ಸರಿಯಾದ ಹೊಲದಲ್ಲಿ ನಿಂತು ಸರಿಯಾದ ಬೆಳೆಯ ಚಿತ್ರ ತೆಗೆಯಿರಿ. ಓದುಬರಹ ಬಾರದ ನೆರೆಮನೆಯವರಿಗೂ ಇಷ್ಟು ಮಾಡಿಕೊಟ್ಟರೆ ಅದು ದೊಡ್ಡ ಸೇವೆ.

ಇನ್ನೊಂದು ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣ, ಸಹಾಯಧನ ಕೊಡುವ ಪ್ರತಿ ಕಚೇರಿಯೂ ಎಷ್ಟು ಹಣ ಇಟ್ಟಿತು, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಪ್ರಕಟವಾಗಿರದಿದ್ದರೆ 10 ರೂಪಾಯಿ ಶುಲ್ಕದೊಡನೆ ಒಂದು ಅರ್ಜಿ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ಊರಿನಲ್ಲಿ ಯಾವ ಬೆಳೆಗೆ ಎಷ್ಟು ರೈತರಿಗೆ ಎಷ್ಟು ಹಣ ಬಂತು ಎಂದು ಕೇಳುವುದು ಯಾರ ಮೇಲೂ ಸಂಶಯ ಪಡುವುದಲ್ಲ. ಅದು ಸಾರ್ವಜನಿಕರ ಹಣ. ಅದರ ಲೆಕ್ಕ ಸಾರ್ವಜನಿಕರಿಗೆ ತಿಳಿದಿರಬೇಕು. ಆದರೆ ಒಬ್ಬರ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಅವರ ಸ್ವಂತದ್ದು. ಅದನ್ನು ಕೇಳಬಾರದು, ಹಂಚಬಾರದು.

ಕಾಲೇಜಿನ ವಿದ್ಯಾರ್ಥಿಗಳು ಇದನ್ನೇ ಒಂದು ಕಿರುಯೋಜನೆಯಾಗಿ ಮಾಡಬಹುದು. ನಿಮ್ಮ ಊರಿನ ಇಪ್ಪತ್ತು ಮನೆಗಳಿಗೆ ಹೋಗಿ. 2020ರಲ್ಲಿ ಏನು ಬೆಳೆದಿರಿ, ಏನು ಹಾಳಾಯಿತು, ಏನು ಬಂತು ಎಂಬ ಮೂರೇ ಪ್ರಶ್ನೆ ಕೇಳಿ. ಲಾವಣಿ ಮಾಡಿದವರನ್ನೂ ಕೂಲಿಯವರನ್ನೂ ಬಿಡದೆ ಕೇಳಿ. ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಯಾವ ಮನೆಯ ಸಾಲು ಖಾಲಿ ಉಳಿಯಿತೋ ಅಲ್ಲಿ ನಿಂತು, ಏಕೆ ಎಂದು ಕೇಳಿ.

ಮುಂದಿನ ಸಂಕಟ ರೋಗವಾಗಿ ಬರಬಹುದು, ಬರವಾಗಿ ಬರಬಹುದು, ಘಟಪ್ರಭೆಯ ನೀರಾಗಿ ಬರಬಹುದು. ಅದು ಬರುವ ದಿನ ನಮಗೆ ಗೊತ್ತಿಲ್ಲ. ಅಂದು ನೆರವು ಬೇಕಾದವರೆಲ್ಲರ ಹೆಸರೂ ಪಟ್ಟಿಯಲ್ಲಿರುವಂತೆ ನೋಡಿಕೊಳ್ಳುವ ಕೆಲಸವನ್ನು ಮಾತ್ರ ಈಗಲೇ ಆರಂಭಿಸಬಹುದು.